ಕಾಟಕಾಯಿಯೋ, ಯುದ್ಧವೋ? — ಅಪರಾಧ ಶಾಸನದ ಒಂದು ಪಾಠ

ನಮ್ಮ ಮೇಲ್ತರಗತಿಯಲ್ಲಿ ಪೌರನೀತಿಯ ಪಾಠ ನಡೆಯುತ್ತಿದ್ದಾಗ, ಸುಳ್ಯ ಸೀಮೆಯ ಮರ್ಕಂಜದಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ನಮ್ಮ ಕಡೆಯಿಂದ ಮಂಗಳೂರಿಗೆ ದಂಡೆತ್ತಿ ಹೋದವರು ಕಳ್ಳರೋ, ಸಿಪಾಯಿಗಳೋ?" ಎಂದು ಕೇಳಿದಳು. ಅವಳ ಅಜ್ಜಿಯು ಆ ಸಂಗತಿಯನ್ನು 'ಕಲ್ಯಾಣಪ್ಪನ ಕಾಟಕಾಯಿ' ಎನ್ನುತ್ತಿದ್ದಳಂತೆ. ಈಗಿನ ಪುಸ್ತಕಗಳಲ್ಲಿಯಾದರೋ 'ಅಮರ ಸುಳ್ಯದ ಸ್ವಾತಂತ್ರ್ಯ ಸಮರ' ಎಂದಿರುವದು. ಗಲ್ಲಿನ ಹಗ್ಗವು ಹೆಸರನ್ನು ಹಿಂಬಾಲಿಸಿ ಬರುವದರಿಂದ ಇದು ಬರೇ ಮಾತಿನ ಜಗಳವಲ್ಲ. ಅಂದು ಕೊಟ್ಟ ಉತ್ತರವನ್ನು ತುಸು ವಿಸ್ತರಿಸಿ ನಮ್ಮ ಪೂರ್ವ ವಿದ್ಯಾರ್ಥಿನಿಯರ ಹಾಗೂ ಹೆತ್ತವರ ಮುಂದಿಡುತ್ತೇವೆ.

1834ರಲ್ಲಿ ಕಂಪೆನಿ ಸರಕಾರವು ಕೊಡಗಿನ ಚಿಕ್ಕ ವೀರರಾಜೇಂದ್ರನನ್ನು ಪಟ್ಟದಿಂದಿಳಿಸಿ, ಅವನ ಕೈಯಲ್ಲಿದ್ದ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅರಸನಿಗೆ ಧಾನ್ಯದ ರೂಪದಲ್ಲಿ ಕಂದಾಯ ತೆರುತ್ತಿದ್ದ ರೈತನು ಇನ್ನು ಮೇಲೆ ನಾಣ್ಯ ಎಣಿಸಬೇಕಾಯಿತು. ಬೆಳೆ ಉಂಟು, ಹಣವಿಲ್ಲ. ಸಾಲಗಾರನ ಬಾಗಿಲೊಂದೇ ಗತಿ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರು ಮುಂತಾದವರು ಜನರನ್ನು ಕೂಡಿಸಿದರು. ಪುಟ್ಟಬಸಪ್ಪನೆಂಬವನು ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂಬ ಹೆಸರನ್ನು ತಾಳಿ ಮುಂದೆ ನಿಂತನು. ಬೆಳ್ಳಾರೆಯ ಖಜಾನೆ ಅವರ ವಶವಾಯಿತು. ಏಪ್ರಿಲ್ 5ರಂದು ಮಂಗಳೂರು ಅವರ ಕೈಸೇರಿ, ಸುಮಾರು ಎರಡು ವಾರ ಅವರದೇ ಆಗಿತ್ತು. ಬಳಿಕ ಕಣ್ಣಾನೂರಿನ ಕಡೆಯಿಂದ ದಂಡು ಬಂದಿತು. ಪುಟ್ಟಬಸಪ್ಪನನ್ನೂ ನಂದಾವರದ ಲಕ್ಷ್ಮಪ್ಪ ಬಂಗರಸನನ್ನೂ ಬಿಕರ್ನಕಟ್ಟೆಯಲ್ಲಿ, ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು.

ಅದೇ ಅಕ್ಟೋಬರ್ ತಿಂಗಳಲ್ಲಿಯೇ ಮೆಕಾಲೆ ಸಾಹೇಬನು ಹಿಂದೂಸ್ಥಾನದ ದಂಡಸಂಹಿತೆಯ ಕರಡನ್ನು ಗವರ್ನರ್ ಜನರಲನಿಗೆ ಒಪ್ಪಿಸಿದ್ದನು! ಅದು 1860ರಲ್ಲಿ ಶಾಸನವಾಯಿತು. ಅದರ 121ನೆಯ ಕಲಮು ಸರಕಾರದ ವಿರುದ್ಧ ಯುದ್ಧ ಹೂಡಿದವನಿಗೆ ಮರಣವನ್ನಾದರೂ ಆಜೀವ ಶಿಕ್ಷೆಯನ್ನಾದರೂ ವಿಧಿಸಿತು. 2024ರ ಜುಲೈಯಿಂದ ನಡೆಯುತ್ತಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ 147ನೆಯ ಕಲಮಾಗಿ ಈ ಅಪರಾಧವು ಉಳಿದಿದೆ. ಅರಸರು ಬದಲಾದರೂ ಅರಸುತನಕ್ಕೆ ಈ ಕಲಮು ಬೇಕಾಗುವದೆಂದು ತೋರುತ್ತದೆ.

ಆದರೆ ವಾಚಕರು ಇಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಬೇಕು. ಯುದ್ಧ ಹೂಡಿದ್ದು ಒಂದು ಅಪರಾಧ. ಯುದ್ಧದೊಳಗೆ ಸೆರೆಯಾಳನ್ನು ಕೊಲ್ಲುವದು, ನಿರಾಯುಧರನ್ನು ಹಿಂಸಿಸುವದು ಮತ್ತೊಂದು. ಮೊದಲನೆಯದು ಆಳುವವರಿಗೆ ಮಾಡಿದ ದ್ರೋಹ, ಎರಡನೆಯದು ಮನುಷ್ಯರಿಗೆ ಮಾಡಿದ ದ್ರೋಹ. 1837ರಲ್ಲಿ ವಿಚಾರಿಸಲ್ಪಟ್ಟದ್ದು ಮೊದಲನೆಯದು. ಫಿರ್ಯಾದಿಯೂ ನ್ಯಾಯಾಧಿಪತಿಯೂ ಒಂದೇ ಕಂಪೆನಿಯವರು. ಕಂಪೆನಿಯ ಸಿಪಾಯಿಯ ನಡತೆಯನ್ನು ಕೇಳಲು ಸುಳ್ಯದ ರೈತನಿಗೆ ಕಟಕಟೆಯೇ ಇರಲಿಲ್ಲ.

ಗೆದ್ದವನೇ ತೀರ್ಪು ಹೇಳುವ ಈ ತೊಡಕು ಎರಡನೆಯ ಮಹಾಯುದ್ಧದ ಬಳಿಕ ಲೋಕದ ಮುಂದೆಯೇ ಬಂದಿತು. ಜರ್ಮನಿಯ ಮುಖಂಡರನ್ನು 1945–46ರಲ್ಲಿ ನ್ಯೂರೆಂಬರ್ಗಿನಲ್ಲಿಯೂ ಜಪಾನಿನವರನ್ನು 1946–48ರಲ್ಲಿ ಟೋಕಿಯೋದಲ್ಲಿಯೂ ವಿಚಾರಿಸಿದರು. ಟೋಕಿಯೋದಲ್ಲಿ ಕುಳಿತ 11 ನ್ಯಾಯಾಧಿಪತಿಗಳಲ್ಲಿ ಕಲಕತ್ತೆಯ ರಾಧಾಬಿನೋದ ಪಾಲರೂ ಒಬ್ಬರು. 7 ಮಂದಿಗೆ ಮರಣದಂಡನೆಯಾದ ಆ ಮೊಕದ್ದಮೆಯಲ್ಲಿ ಎಲ್ಲರೂ ನಿರ್ದೋಷಿಗಳೆಂದು ಬರೆದವರು ಅವರು. ಕ್ರೌರ್ಯಗಳು ನಡೆಯಲಿಲ್ಲವೆಂದು ಅವರು ಹೇಳಲಿಲ್ಲ. ಆಕ್ರಮಣ ಯುದ್ಧವು ಆ ಕಾಲದ ಶಾಸನದಲ್ಲಿ ಅಪರಾಧವಾಗಿರಲಿಲ್ಲ, ಗೆದ್ದವರು ಹಿಂದಿನ ಕೃತ್ಯಕ್ಕೆ ಹೊಸ ಶಾಸನ ಮಾಡಲಾರರು ಎಂಬದು ಅವರ ವಾದ. ಅವರ ಎಚ್ಚರಿಕೆಯನ್ನು ನಾವು ಗೌರವಿಸುತ್ತೇವೆ. ಆದರೂ ಸೆರೆಯಾಳುಗಳ ಗೋಳಿಗೆ ಅದರಲ್ಲಿ ಸಾಕಷ್ಟು ಸ್ಥಳ ದೊರೆಯಿತೆಂದು ನಮಗೆ ತೋರುವದಿಲ್ಲ.

1949ರ ಆಗಸ್ಟ್ 12ರ ಜಿನೀವಾ ಒಪ್ಪಂದಗಳು ನಾಲ್ಕು. ನಾಲ್ಕರಲ್ಲಿಯೂ ಸಮಾನವಾಗಿರುವ ಮೂರನೆಯ ಕಲಮು ನಮ್ಮ ಪಾಠಕ್ಕೆ ಅತ್ಯಂತ ಹತ್ತಿರವಾದದ್ದು: ಒಂದೇ ದೇಶದೊಳಗಿನ ಕಾಳಗದಲ್ಲಿಯೂ ಆಯುಧ ಕೆಳಗಿಟ್ಟವನನ್ನು ಮನುಷ್ಯನಂತೆ ಕಾಣಬೇಕು, ಕ್ರಮಬದ್ಧವಾದ ನ್ಯಾಯಾಲಯದ ತೀರ್ಪಿಲ್ಲದೆ ಶಿಕ್ಷಿಸಬಾರದು, ಕೊಲ್ಲಬಾರದು. ಬಂಡಾಯಗಾರನನ್ನು ಇದು ಸಿಪಾಯಿಯನ್ನಾಗಿ ಮಾಡುವದಿಲ್ಲ, ಆದರೆ ಎರಡು ಪಕ್ಷಗಳನ್ನೂ ಕಟ್ಟುತ್ತದೆ. ಈ ಒಪ್ಪಂದಗಳ ಘೋರ ಉಲ್ಲಂಘನೆಯನ್ನು ದಂಡಿಸಲು ನಮ್ಮ ಪಾರ್ಲಿಮೆಂಟು 1960ರಲ್ಲಿ ಶಾಸನ ಮಾಡಿತು. ಆದರೆ ಸರಕಾರವಾಗಲಿ ಅದರ ಅಧಿಕಾರಿಯಾಗಲಿ ದೂರು ಕೊಡದೆ ಕೋರ್ಟು ಅದರ ಪ್ರಕಾರ ಮೊಕದ್ದಮೆಗೆ ಕೈಹಾಕಲಾರದು. ನೊಂದವನೇ ನೇರವಾಗಿ ಹೋಗುವಂತಿಲ್ಲ. ಈ ಬಾಗಿಲು ಇಷ್ಟು ಇಕ್ಕಟ್ಟಾಗಿರಬೇಕಾಗಿರಲಿಲ್ಲವೆಂದು ನಮ್ಮ ಎಣಿಕೆ.

ಇಷ್ಟನ್ನು ಹೇಳಿ, ಸುಳ್ಯದವರು ಕಳ್ಳರಲ್ಲ, ಅವರನ್ನು ಯುದ್ಧದ ಕೈದಿಗಳೆಂದು ಎಣಿಸಲು ಅಂದು ಶಾಸನವಿರಲಿಲ್ಲವೆಂದು ಉತ್ತರವಿತ್ತೆವು. ಮಂಗಳೂರಿನ ಬಾವುಟಗುಡ್ಡದಲ್ಲಿ 2022ರಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದನ್ನು ನೆನಪಿಸಿದಾಗ ತರಗತಿಯೆಲ್ಲ ಸಂತೋಷಪಟ್ಟಿತು. ಮರ್ಕಂಜದ ಹುಡುಗಿ ಮಾತ್ರ ಕೂರಲಿಲ್ಲ. ದಂಗೆಯ ಆರಂಭದಲ್ಲಿ ಕಂಪೆನಿಯ ಪಕ್ಷದವನೆಂದು ಅಟ್ಲೂರು ರಾಮಪ್ಪಯ್ಯನನ್ನು ನಮ್ಮವರೇ ಕೊಂದರಷ್ಟೆ, ಹಾಗಾದರೆ ಅವನ ಮನೆಯವರು ಯಾರಲ್ಲಿ ನ್ಯಾಯ ಕೇಳಬೇಕಾಗಿತ್ತು ಎಂದಳು. ಅಷ್ಟರಲ್ಲಿ ಗಂಟೆಯಾಯಿತು. ಆ ಪ್ರಶ್ನೆಯನ್ನೇ ಕರಿಹಲಗೆಯ ಮೇಲೆ ಬರೆದು, ರಜೆಯಲ್ಲಿ ಹೆತ್ತವರೊಂದಿಗೆ ಆಲೋಚಿಸಿ ಉತ್ತರ ಬರೆದು ತರುವಂತೆ ಎಲ್ಲರಿಗೂ ಹೇಳಿ ಕಳುಹಿಸಿದೆವು.