ಅತ್ತೆಗೆ ಕಿವಿ ಮಂದವಾಯಿತೇ?



"ಎಷ್ಟು ಸಲ ಹೇಳೋದು? ಬೇಕಾದ್ದು ಮಾತ್ರ ಕೇಳಿಸ್ತದೆ!" ಮನೆಯ ಹಿರಿಯರಿಗೆ ನಾವೂ ಹೀಗೆ ಅಂದಿಲ್ಲವೇ? ಆದರೆ ಅದು ಹಠವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ವರ್ಷ ದಾಟಿದವರಲ್ಲಿ ನೂರಕ್ಕೆ 25ಕ್ಕಿಂತ ಹೆಚ್ಚು ಮಂದಿಗೆ ದಿನನಿತ್ಯಕ್ಕೆ ತೊಡಕಾಗುವಷ್ಟು ಶ್ರವಣದೋಷವಿದೆ.

ವಯಸ್ಸಾದಂತೆ ಒಳಕಿವಿಯ ಕೂದಲಿನಂಥ ಸೂಕ್ಷ್ಮ ಜೀವಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಕೇಳಿಸದಾಗುವುದು ತೆಳುವಾದ ದನಿ. ಸ, ಶ ಮುಂತಾದ ಅಕ್ಷರಗಳು, ಹೆಂಗಸರ ಮತ್ತು ಮಕ್ಕಳ ಮಾತು ಅಸ್ಪಷ್ಟವಾಗುತ್ತವೆ. ಆದ್ದರಿಂದಲೇ ಮಗನ ಮಾತು ತಿಳಿದ ಅತ್ತೆಗೆ ಸೊಸೆಯ ಮಾತು ತಿಳಿಯದೆ ಹೋಗಬಹುದು. ಜಗಳಕ್ಕೆ ಅಷ್ಟು ಸಾಕು!

ನಾವೇನು ಮಾಡಬೇಕು?

1. ಕಿರುಚಬೇಡಿ. ಟಿ.ವಿ. ಆರಿಸಿ, ಎದುರಿಗೆ ಕೂತು, ಮುಖ ಕಾಣುವಂತೆ ನಿಧಾನವಾಗಿ ಮಾತಾಡಿ.

2. ಕಿವಿಗೆ ಬಿಸಿ ಎಣ್ಣೆ, ಪಿನ್ನು, ಬೆಂಕಿಕಡ್ಡಿ ಹಾಕಬೇಡಿ.

3. ಜಿಲ್ಲಾಸ್ಪತ್ರೆಯ ಕಿವಿ ವೈದ್ಯರಿಗೆ ತೋರಿಸಿ. ಕೆಲವೊಮ್ಮೆ ಗುಗ್ಗೆಯೇ ಕಾರಣ, ತೆಗೆದರೆ ಸರಿಹೋಗುತ್ತದೆ.

4. ಶ್ರವಣಯಂತ್ರ ಬೇಕೆಂದರೆ, 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಬಡ ಹಿರಿಯರಿಗೆ ಉಚಿತವಾಗಿ ಸಿಗುವ ಬಗ್ಗೆ ವಿಚಾರಿಸಿ.

ಚರ್ಚೆಗೆ: ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಇಂಥ ಹಿರಿಯರಿದ್ದಾರೆ? ಮಾತು ಕೇಳಿಸದೆ ಮೂಲೆ ಸೇರಿದವರನ್ನು ಮತ್ತೆ ಮಾತಿಗೆ ಕರೆಯೋಣ.