ಚೀಲದಾಗಿನ ಬೆಕ್ಕಿನ ಮರಿ: ಉಳಿಸುವವರಿಗೆ ಹತ್ತು ಸೂತ್ರಗಳು

ಮಾರುಕಟ್ಟೆಯ ಅಂಗಳ, ಖಾನಾವಳಿಯ ಹಿಂಬದಿ, ಮಟನ್ ಅಂಗಡಿಯ ಮೋರಿ, ಬಸ್ ಸ್ಟ್ಯಾಂಡಿನ ಮೂಲೆ. ಗದಗ-ಬೆಟಗೇರಿ ಇರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಇರಲಿ, ಮನೆಗೆ ಬೇಡವಾದ ಮರಿಗಳನ್ನು ಚೀಲದಲ್ಲಿ ತಂದು ಸುರಿಯುವುದು ಇಂಥಲ್ಲೇ. ‘ಅಲ್ಲೆ ತಿನ್ನಾಕ ಸಿಗತೈತಿ, ಹೆಂಗರ ಬದುಕ್ತಾವ’ ಎಂಬುದು ಬಿಟ್ಟವರ ಸಮಾಧಾನ. ಬಹಳಷ್ಟು ಬದುಕುವುದಿಲ್ಲ. ಅವನ್ನು ಎತ್ತಿಕೊಳ್ಳುವವರೂ ಅದೇ ಓಣಿಯವರೇ. ಕರುಣೆಗೆ ಕೊರತೆಯಿಲ್ಲ, ಅವಸರದ್ದೇ ತೊಂದರೆ.

1. ಎತ್ತುವ ಮೊದಲು ಕಾಯಿರಿ
ಹೊಟ್ಟೆ ದುಂಡಗಿದ್ದು, ಮೈ ಸ್ವಚ್ಛವಾಗಿದ್ದು, ಒಂದಕ್ಕೊಂದು ಅಂಟಿಕೊಂಡು ಸುಮ್ಮನೆ ಮಲಗಿದ ಮರಿಗಳಿಗೆ ತಾಯಿ ಇದೆ, ತಿನ್ನಲು ಹೋಗಿದೆ ಅಷ್ಟೆ. ನೀವು ಎತ್ತಿ ತಂದರೆ ಅವನ್ನು ತಬ್ಬಲಿ ಮಾಡಿದವರು ನೀವೇ. ಅನುಮಾನವಿದ್ದರೆ ಸುತ್ತ ಒಂದು ಗೆರೆ ಜೋಳದ ಹಿಟ್ಟು ಉದುರಿಸಿ ದೂರ ಹೋಗಿ, ಕೆಲವು ತಾಸು ಬಿಟ್ಟು ನೋಡಿ. ತಾಯಿ ಬಂದುಹೋಗಿದ್ದರೆ ಹಿಟ್ಟಿನಲ್ಲಿ ಪಾದ ಮೂಡಿರುತ್ತದೆ. ಬಾಯಿ ಕಟ್ಟಿದ ಚೀಲ, ನಡುರಸ್ತೆ, ತಣ್ಣಗಾದ ಮೈ, ನಿಲ್ಲದ ಅರಚಾಟ: ಇವಕ್ಕೆ ಮಾತ್ರ ಕಾಯುವ ಮಾತಿಲ್ಲ.

2. ಮೊದಲು ಬಿಸಿ, ಆಮೇಲೆ ಹೊಟ್ಟೆ
ಮೂರು ವಾರದೊಳಗಿನ ಮರಿಗೆ ತನ್ನ ಮೈಯ ಬಿಸಿ ತಾನೇ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ತಣ್ಣಗಾದ ಮರಿಗೆ ಹಾಲು ಹಾಕಿದರೆ ಅದು ಅರಗದೆ ಜೀವಕ್ಕೇ ಎರವಾಗುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ಹಳೇ ಕೌದಿಯ ತುಂಡು ಸುತ್ತಿ ಮರಿ ಮಲಗಿಸಿದ ಡಬ್ಬಿಯ ಒಂದು ಬದಿಗೆ ಇಡಿ. ಇನ್ನೊಂದು ಬದಿ ಖಾಲಿ ಇರಲಿ, ಸೆಕೆಯಾದರೆ ಮರಿ ಸರಿದುಕೊಳ್ಳಬೇಕು.

3. ಆಕಳ ಹಾಲು ಬೇಡ
ಬೆಕ್ಕಿಗೂ ಹಾಲಿಗೂ ನಾವು ಕಟ್ಟಿದ ನಂಟು ಬಲು ಗಟ್ಟಿ. ಅದನ್ನು ಮುರಿಯುವುದೇ ಈ ಕೆಲಸದ ಕಷ್ಟದ ಪಾಠ. ಆಕಳ ಹಾಲಿನ ಲ್ಯಾಕ್ಟೋಸ್ ಮರಿಗೆ ಅರಗದೆ ಭೇದಿಯಾಗುತ್ತದೆ. ಅಂಗೈಯಷ್ಟು ಮೈಯಲ್ಲಿ ನೀರಾದರೂ ಎಷ್ಟಿದ್ದೀತು? ಒಂದೇ ದಿನದಲ್ಲಿ ಬತ್ತಿಹೋಗುತ್ತದೆ. ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಬರುತ್ತದೆ, ಮುಂಚೆಯೇ ತರಿಸಿಟ್ಟುಕೊಳ್ಳಿ.

ಕುಡಿಸುವ ರೀತಿಯೂ ಮುಖ್ಯ. ಕೂಸಿನ ಹಾಗೆ ಅಂಗಾತ ಮಲಗಿಸಬೇಡಿ, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ಕೆಳಗಾಗುವಂತೆ ಮಲಗಿಸಿ, ತಲೆ ತುಸು ಎತ್ತಿ, ಸಿರಿಂಜಿನಿಂದ ಹನಿಹನಿಯಾಗಿ ಕೊಡಿ. ಕಣ್ಣು ಬಿಡದ ಮರಿ ವಾರ-ಹತ್ತು ದಿನದೊಳಗಿನದು, ಅದಕ್ಕೆ ಎರಡು-ಮೂರು ತಾಸಿಗೊಮ್ಮೆ ಬೇಕು, ನಡುರಾತ್ರಿಯೂ. ಕುಡಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಿ. ತಾಯಿ ನೆಕ್ಕದಿದ್ದರೆ ಅಷ್ಟು ಸಣ್ಣ ಮರಿಗೆ ಉಚ್ಚೆಯೂ ಆಗುವುದಿಲ್ಲ. ದಿನಾ ಒಂದೇ ಹೊತ್ತಿಗೆ ತೂಗಿ, ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿ ಸಾಕು. ಹುಟ್ಟಿದಾಗ ಸುಮಾರು 100 ಗ್ರಾಂ, ಮುಂದೆ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಒಂದು ದಿನ ತೂಕ ಏರಲಿಲ್ಲವೆಂದರೆ ನಾಳೆ ನೋಡೋಣ ಎನ್ನದೆ ಡಾಕ್ಟರ ಬಳಿ ಓಡಿ. ನಾಲ್ಕು ವಾರಕ್ಕೆ ಮೆತ್ತಗಿನ ಆಹಾರ ಶುರು.

4. ಹೊಸತು ಬೇರೆ ಕೋಣೆಗೆ
ಎರಡು ವಾರ ಹಳೇ ಬೆಕ್ಕುಗಳ ಗಾಳಿಯೂ ಸೋಕದಿರಲಿ. ಪ್ಯಾನ್‌ಲ್ಯುಕೋಪೀನಿಯಾ ವೈರಾಣು ಹೊಕ್ಕರೆ ಮನೆತುಂಬ ಮರಿ ಖಾಲಿಯಾಗುತ್ತವೆ. ಅದು ನೆಲದಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಸಾಬೂನಿಗೆ ಜಗ್ಗುವುದಿಲ್ಲ, ಬ್ಲೀಚ್ ನೀರೇ ಬೇಕು. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು-ನಾಲ್ಕು ವಾರಕ್ಕೊಮ್ಮೆ ಮುಂದಿನವು. ರೇಬೀಸ್ ಲಸಿಕೆ ಮೂರು ತಿಂಗಳಿಗೆ.

5. ಫಿನಾಯಿಲ್, ಪ್ಯಾರಾಸಿಟಮಾಲ್ ದೂರ
ನೆಲ ಒರೆಸುವ ಫಿನಾಯಿಲ್, ನಮಗೆ ಜ್ವರ ಇಳಿಸುವ ಗುಳಿಗೆ ಎರಡೂ ಬೆಕ್ಕಿಗೆ ವಿಷ. ನಾಯಿಗೆ ಹಚ್ಚುವ ಉಣ್ಣೆ-ಚಿಗಟದ ಔಷಧದಲ್ಲಿ ಪರ್ಮೆಥ್ರಿನ್ ಇದ್ದರೆ ಅದೂ ವಿಷವೇ.

6. ಕಚ್ಚಿದರೆ ಅರಿಶಿಣ ಮೆತ್ತಬೇಡಿ
ನಲ್ಲಿಯ ಕೆಳಗೆ ಸಾಬೂನು ಹಚ್ಚಿ 15 ನಿಮಿಷ ತೊಳೆದು ತಾಲ್ಲೂಕು ಆಸ್ಪತ್ರೆಗೋ ಗದಗದ ಜಿಮ್ಸ್ ವೈದ್ಯಕೀಯ ಕಾಲೇಜಿಗೋ ಹೋಗಿ. ‘ಬರೇ ಮರಿ ಐತಿ, ಏನಾಗತೈತಿ’ ಎನ್ನುವ ಧೈರ್ಯ ರೇಬೀಸ್ ಮುಂದೆ ನಡೆಯುವುದಿಲ್ಲ.

7. ಬಸುರಿಯ ನೆಪಕ್ಕೆ ಉತ್ತರ ಇಟ್ಟುಕೊಳ್ಳಿ
‘ಅಕ್ಕಾರ, ಬೆಕ್ಕ ಚಲೋ ಐತ್ರಿ, ಆದ್ರ ಸೊಸಿ ಬಸರ ಅದಾಳ. ನೀವ ಒಯ್ರಿ’ ಎಂದು ಐದು ವರ್ಷ ಸಾಕಿದ್ದನ್ನು ಕೈಗಿಡುವವರಿದ್ದಾರೆ. ಕಾರಣ, ಹೊಟ್ಟೆಯೊಳಗಿನ ಕೂಸಿಗೆ ಕುತ್ತು ತರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ. ಭಯ ಪೂರ್ತಿ ಸುಳ್ಳಲ್ಲ, ಪರಿಹಾರ ಮಾತ್ರ ತಪ್ಪು. ಬೆಕ್ಕಿನ ಹೇಲಿನಲ್ಲಿ ಬರುವ ಆ ಪರೋಪಜೀವಿ ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಮರಳಿನ ತಟ್ಟೆಯನ್ನು ದಿನಾ ಬೇರೆಯವರು ಚೊಕ್ಕ ಮಾಡಿದರೆ ಮುಗಿಯಿತು. ಅರೆಬೆಂದ ಮಾಂಸ, ಮಣ್ಣು ಹತ್ತಿದ ಕಾಯಿಪಲ್ಲೆಯಿಂದಲೂ ಅದೇ ಸೋಂಕು ಬರುತ್ತದೆ. ಅವನ್ನು ಯಾರೂ ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುವುದಿಲ್ಲ. ಇದನ್ನು ಅತ್ತೆಗೆ ಹೇಳಿ, ಸೊಸೆಯ ಡಾಕ್ಟರನ್ನೇ ಕೇಳಲು ಹೇಳಿ.

8. ಹೊಲದ ಮರಿ ಮುಟ್ಟಬೇಡಿ
ಜೋಳ, ಕಬ್ಬು ಕೊಯ್ಯುವಾಗ ಸಿಗುವ ಮರಿ ಮನೆಬೆಕ್ಕಿನದೇ ಆಗಿರಬೇಕಿಲ್ಲ. ಗದಗ, ಮುಂಡರಗಿ, ಶಿರಹಟ್ಟಿಗೆ ಹಬ್ಬಿದ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಕಾಡುಬೆಕ್ಕಿಗೆ ಗುಡ್ಡವೂ ಒಂದೇ, ಹೊಲವೂ ಒಂದೇ. ಅದರ ಮರಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಆ ಮೂಲೆಯ ಕೊಯ್ಲು ಒಂದು ರಾತ್ರಿ ನಿಲ್ಲಿಸಿದರೆ ಸಾಮಾನ್ಯವಾಗಿ ತಾಯಿಯೇ ಬಂದು ಕಚ್ಚಿಕೊಂಡು ಹೋಗುತ್ತದೆ. ಬಾರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

9. ಮರಿ ಎಣಿಸಬೇಡಿ, ಆಪರೇಷನ್ ಎಣಿಸಿ
ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಸುಮಾರು 65 ದಿನಕ್ಕೆ ಈಯುತ್ತದೆ, ಮೊಲೆಯೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು. ತಾಯಿಯನ್ನು ಬಿಟ್ಟು ಮರಿಗಳನ್ನಷ್ಟೇ ತಂದರೆ ಕೆಲವೇ ತಿಂಗಳಲ್ಲಿ ಅದೇ ಮೂಲೆಗೆ ಮತ್ತೆ ಹೋಗಬೇಕಾಗುತ್ತದೆ. ತಾಯಿಗೂ ಸಂತಾನಹರಣ ಆಪರೇಷನ್ ಮಾಡಿಸಿ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ತಾಲ್ಲೂಕುಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಲಕ್ಷ್ಮೇಶ್ವರ, ಮುಂಡರಗಿಯಿಂದ ನಲವತ್ತು ಕಿಲೋಮೀಟರ್ ಆಸುಪಾಸು ಬೆಕ್ಕನ್ನು ಹೊತ್ತು ಬರುವ ಮುನ್ನ ಆಪರೇಷನ್ ದಿನ, ಖರ್ಚು ಫೋನಿನಲ್ಲೇ ವಿಚಾರಿಸಿ. ಓಣಿಗೆ ಮರಳಿ ಬಿಡುವ ಬೆಕ್ಕಾದರೆ ಎಡಗಿವಿಯ ತುದಿ ತುಸು ಕತ್ತರಿಸಲು ಕೇಳಿ. ಆಪರೇಷನ್ ಆಗಿದೆ ಎಂಬ ಗುರುತು ಅದು, ಇನ್ನೊಬ್ಬರು ಸುಮ್ಮನೆ ಹಿಡಿಯುವುದು ತಪ್ಪುತ್ತದೆ.

ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಕಟ್ಟಿದ ಕ್ಯುಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳಿವೆ ನಿಜ. ಶಿರಹಟ್ಟಿಯಿಂದ ಅಲ್ಲಿಗೆ ಫೋಟೋ ಕಳಿಸಿ ಕೂತರೆ ಮರಿ ಉಳಿಯದು. ಕಾಯ್ದೆಯ ಬಲವೂ ಅಷ್ಟಕ್ಕಷ್ಟೇ: ಸಾಕುಪ್ರಾಣಿಯನ್ನು ಹಸಿವಿಗೆ ಬಿಟ್ಟು ಹೋದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಗಿರ್ಮಿಟ್, ಮಿರ್ಚಿ, ಚಹಾದ ಖರ್ಚು! ಕೊಂದರೆ, ವಿಷವಿಕ್ಕಿದರೆ ಮಾತು ಬೇರೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗೆ ಜೈಲಿದೆ.

10. ಕೊಡುವ ಮೊದಲು ಒಂದೇ ಪ್ರಶ್ನೆ
ಕಾಳಿನ ಗೋದಾಮಿನವರು, ಕಿರಾಣಿಯವರು, ಮಗ್ಗದ ಮನೆಯವರು ಬೆಕ್ಕು ಕೇಳಿಕೊಂಡು ಬರುತ್ತಾರೆ. ನೂಲು ಕಡಿಯುವ ಇಲಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ‘ಕಾಕಾ, ಇಲಿ ಪಾಷಾಣ ಇಡ್ತೀರೇನ್ರಿ?’ ಎಂದು ಕೇಳಿ. ‘ಒಮ್ಮೊಮ್ಮೆ ಇಡ್ತೇವ್ವಾ’ ಎಂದರೆ ಕೊಡಬೇಡಿ, ವಿಷ ತಿಂದ ಇಲಿಯನ್ನು ಬೆಕ್ಕು ತಿನ್ನುತ್ತದೆ. ಇಡುವುದಿಲ್ಲ ಎಂದವರಿಗೆ ಕೊಟ್ಟರೂ ಮೊದಲ ಎರಡು ವಾರ ಕೋಣೆಯೊಳಗೇ ಇಟ್ಟು ಉಣ್ಣಿಸಲು ಹೇಳಿ. ಬಂದ ದಿನವೇ ಬಾಗಿಲು ತೆಗೆದರೆ ಹಳೇ ಜಾಗ ಹುಡುಕಿಕೊಂಡು ಹುಬ್ಬಳ್ಳಿ ರಸ್ತೆಗಿಳಿಯುತ್ತದೆ.