ಲಿಂಕಿಗೊಂದು ಚೀಟಿ ಕಟ್ಟಿ ಕಳಿಸಿ

ಮೇ ತಿಂಗಳು ಬಂತೆಂದರೆ ಕೃಷಿಕರ ವಾಟ್ಸಾಪ್ ಗುಂಪುಗಳಲ್ಲಿ ಲಿಂಕುಗಳ ಮಳೆ. ಬೋರ್ಡೋ, ಕೊಳೆರೋಗ, ಫೈಬರ್ ದೋಟಿ, ಸಬ್ಸಿಡಿ ಎಲ್ಲವೂ ಬರುತ್ತವೆ. ಹೆಚ್ಚಿನವುಗಳ ಮೇಲೆ ಬರೆದಿರುವುದು 'ನೋಡಿ', 'ಉಪಯುಕ್ತ ಮಾಹಿತಿ', ಇಲ್ಲವೇ ಎರಡು ಕೈಮುಗಿದ ಚಿತ್ರ, ಅಷ್ಟೇ. ಏನನ್ನು ನೋಡಬೇಕು, ಯಾರು ನೋಡಬೇಕು ಅಂತ ಒಂದಕ್ಷರ ಇಲ್ಲ. ನಮ್ಮಲ್ಲಿ ಅನೇಕರ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಅಂಗಳದ ಮೂಲೆಗೋ ಗುಡ್ಡೆಗೋ ಹೋಗಿ ನಿಂತು, ತಿರುಗುವ ಚಕ್ರ ನೋಡುತ್ತಾ ಕಾದು, ಇಪ್ಪತ್ತು ನಿಮಿಷದ ವೀಡಿಯೋ ತೆರೆದರೆ ಅದು ದ್ರಾಕ್ಷಿ ತೋಟದ್ದು!

ನರ್ಸರಿಯಲ್ಲಿ ಕಸಿ ಗಿಡ ಕೊಳ್ಳುವಾಗ "ಮಾವು, ಒಳ್ಳೇದುಂಟು" ಅಂದರೆ ನಾವು ಒಪ್ಪುತ್ತೇವಾ? ಯಾವ ತಳಿ, ಎಂದು ಕಟ್ಟಿದ ಕಸಿ ಅಂತ ಕೇಳುತ್ತೇವೆ. ತೊಟ್ಟೆಗೆ ಕಟ್ಟಿದ ಚೀಟಿ ಓದುತ್ತೇವೆ. ಲಿಂಕಿಗೂ ಅಂಥದ್ದೊಂದು ಚೀಟಿ ಬೇಕು.

ಇದು ಬರೀ ಸಮಯ ಹಾಳಾಗುವ ಪ್ರಶ್ನೆಯಲ್ಲ. ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಿ. ಅಡಿಕೆಯ ಕೊಳೆರೋಗಕ್ಕೆ ನಾವು ಬಿಡುವುದು ಶೇಕಡಾ 1ರದ್ದು, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ತೆಂಗಿನ ಸುಳಿಕೊಳೆಗೆ ಕೆತ್ತಿದ ಜಾಗಕ್ಕೆ ಹಚ್ಚುವ ಬೋರ್ಡೋ ಪೇಸ್ಟ್ ಶೇಕಡಾ 10ರದ್ದು. ಅದಕ್ಕೂ ಅಷ್ಟೇ ತುತ್ತು, ಅಷ್ಟೇ ಸುಣ್ಣ, ಆದರೆ ನೀರು ಬರೀ 10 ಲೀಟರ್. 'ಬೋರ್ಡೋ ತಯಾರಿ ನೋಡಿ' ಅಂತ ಎರಡಕ್ಕೂ ಬರೆಯಬಹುದು. ಹಳಬರಿಗೆ ನೋಡಿದ ಕೂಡಲೇ ವ್ಯತ್ಯಾಸ ತಿಳಿಯುತ್ತದೆ. ಪೇಟೆಯ ಕೆಲಸ ಬಿಟ್ಟು ಈ ವರ್ಷವಷ್ಟೇ ತೋಟಕ್ಕೆ ಇಳಿದ ಹುಡುಗನಿಗೆ?

ಇಸವಿ ಬರೆಯದಿದ್ದರೆ ಆಗುವ ಎಡವಟ್ಟು ಇನ್ನೂ ದೊಡ್ಡದು. ಕಾಳುಮೆಣಸಿನ ಬೇರಿನ ಜಂತುಹುಳಕ್ಕೆ ಫೊರೇಟ್ ಹರಳು ಹಾಕಿ ಅನ್ನುವ ಹಳೆಯ ಪುಟಗಳು, ವೀಡಿಯೋಗಳು ಈಗಲೂ ತೆರೆದುಕೊಳ್ಳುತ್ತವೆ. ಆ ಕಾಲಕ್ಕೆ ಅದು ಶಿಫಾರಸೇ ಆಗಿತ್ತು, ಹೇಳಿದವರದ್ದು ತಪ್ಪಲ್ಲ. ಆದರೆ 2018ರ ಆಗಸ್ಟಿನಲ್ಲಿ ಹೊರಟ ಕೇಂದ್ರ ಸರಕಾರದ ಆದೇಶದಂತೆ 2020ರ ಡಿಸೆಂಬರ್ 31ರಿಂದ ಫೊರೇಟ್ ನಿಷೇಧವಾಗಿದೆ. ಕಳಿಸುವವರು 'ಇದು 2012ರದ್ದು' ಅಂತ ಒಂದು ಮಾತು ಸೇರಿಸಿದರೆ ಓದುವವನು ತಾನೇ ಜಾಗ್ರತೆಯಾಗುತ್ತಾನೆ. ಯೂಟ್ಯೂಬಿನಲ್ಲಿ ವೀಡಿಯೋದ ಕೆಳಗೆ ಹಾಕಿದ ದಿನ ಇರುತ್ತದೆ. ಅದನ್ನು ನೋಡಿ ಬರೆಯಲು ಅರ್ಧ ನಿಮಿಷ ಸಾಕು.

"ಲಿಂಕ್ ಹಾಕಿದ ಕೂಡಲೇ ಚಿತ್ರ, ತಲೆಬರಹ ತಾನಾಗಿ ಬರ್ತದಲ್ಲ ಭಾವ, ಮತ್ತೆ ನಾನು ಬರೆಯುವುದೆಂತದು?" ಅಂತ ನೆಂಟರೊಬ್ಬರು ಕೇಳಿದರು. ಬರುತ್ತದೆ, ಸರಿ. ಆದರೆ ಆ ತಲೆಬರಹ ಬರೆದವನಿಗೆ ಬೇಕಾದದ್ದು ನಾವು ಒತ್ತುವುದು. ನಮಗೆ ಬೇಕಾದದ್ದು ಒತ್ತಬೇಕೋ ಬೇಡವೋ ಎಂದು ತಿಳಿಯುವುದು. 'ಅಡಿಕೆ ಹಳದಿಗೆ ರಾಮಬಾಣ' ಎಂಬ ತಲೆಬರಹ ಕಂಡರೆ ಸುಳ್ಯ, ಶೃಂಗೇರಿ, ಕೊಪ್ಪದ ಕಡೆಯವರ ಎದೆ ಹಾರುತ್ತದೆ. ಅಲ್ಲಿ ಹಳದಿ ಎಲೆ ರೋಗದಿಂದ ತೋಟವನ್ನೇ ಕಳೆದುಕೊಂಡವರಿದ್ದಾರೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಆ ರೋಗವನ್ನು ವಾಸಿ ಮಾಡುವ ಮದ್ದು ಇಲ್ಲ. ತೆರೆದು ನೋಡಿದರೆ ಒಳಗೆ ಇರುವುದು ನೀರು ನಿಂತೋ ಪೋಷಕಾಂಶ ಕಡಿಮೆಯಾಗಿಯೋ ಬರುವ ಹಳದಿಯ ಮಾತು. ಆ ಮಾಹಿತಿ ಕೆಟ್ಟದ್ದೇನಲ್ಲ. ಮೇಲೆ 'ಇದು ಬಸಿಗಾಲುವೆ, ಗೊಬ್ಬರದ ಕೊರತೆಯ ಹಳದಿಗೆ, ಹಳದಿ ಎಲೆ ರೋಗಕ್ಕಲ್ಲ' ಅಂತ ಇದ್ದಿದ್ದರೆ ಒಬ್ಬರಿಗೆ ಪ್ರಯೋಜನವಾಗುತ್ತಿತ್ತು, ಇನ್ನೊಬ್ಬರಿಗೆ ಸುಳ್ಳು ಆಸೆ ತಪ್ಪುತ್ತಿತ್ತು.

ಹಾಗಾದರೆ ಏನು ಬರೆಯಬೇಕು? ನಾನು ಬರೆಯುವ ರೀತಿಯ ಒಂದು ಮಾದರಿ ಇಲ್ಲಿದೆ:

'ವೀಡಿಯೋ, ಕನ್ನಡ, 11 ನಿಮಿಷ. ಅಡಿಕೆ ಕೊಳೆರೋಗಕ್ಕೆ (ಮಹಾಳಿ) ಶೇ. 1ರ ಬೋರ್ಡೋ ತಯಾರಿ, ಸಿಂಪಡಣೆಗೆ. ಕತ್ತಿ ಅದ್ದಿ ಪರೀಕ್ಷೆ ಮಾಡುವುದು 6ನೇ ನಿಮಿಷದಿಂದ. ಹೇಳುವವರು ಕೃಷಿ ವಿಜ್ಞಾನ ಕೇಂದ್ರದವರು. 2023ರ ಮೇ. ಪೂರ್ತಿ ನೋಡಿದ್ದೇನೆ, ಮಾಡಿ ನೋಡಿಲ್ಲ.'

ಬೆಳೆ, ಸಮಸ್ಯೆ, ಹೇಳುವವರು, ಇಸವಿ ಎಲ್ಲ ಇದರಲ್ಲಿ ಬಂತು. ಕತ್ತಿಯ ಪರೀಕ್ಷೆ ಮಾತ್ರ ಬೇಕಾದವನು ನೇರ 6ನೇ ನಿಮಿಷಕ್ಕೆ ಹೋಗಬಹುದು. ಮದ್ದು ಮಾರುವವರೇ ಮಾಡಿದ ವೀಡಿಯೋ ಆದರೆ ಅದನ್ನೂ ಬರೆಯಿರಿ. ಕೊನೆಯ ಮಾತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ನೋಡಿದ್ದು ಬೇರೆ, ಮಾಡಿದ್ದು ಬೇರೆ. ನೀವು ಕಳಿಸಿದಿರಿ ಅಂದರೆ ನಿಮ್ಮ ತೋಟದಲ್ಲಿ ಮಾಡಿ ಗೆದ್ದಿದ್ದೀರಿ ಅಂತ ನೆರೆಯವರು ತಿಳಿಯುತ್ತಾರೆ. ನೋಡದೆಯೇ ಮುಂದೂಡುವುದಾದರೆ 'ನಾನು ನೋಡಿಲ್ಲ, ಗೊತ್ತಿದ್ದವರು ಹೇಳಿ' ಅಂತ ಬರೆಯಲು ನಾಚಿಕೆ ಏನೂ ಬೇಡ.

ಕೊಳೆರೋಗದ ಪಕ್ಕ ಮಹಾಳಿ ಅಂತ ಯಾಕೆ ಬರೆದದ್ದು ಅಂದರೆ, ಹುಡುಕುವವರಿಗಾಗಿ. ಮಳೆ ಹಿಡಿದ ಮೇಲೆ, 'ಯಾರೋ ಕಳಿಸಿದ್ದರಲ್ಲ' ಅಂತ ನೆನಪಾಗಿ ಗುಂಪಿನಲ್ಲಿ ಹುಡುಕಿದರೆ ಸಿಗಬೇಕಾದರೆ ಆ ಶಬ್ದ ಅಲ್ಲಿ ಬರೆದಿರಬೇಕು. 'ನೋಡಿ' ಅಂತ ಹುಡುಕಿದರೆ ಇನ್ನೂರು ಬರುತ್ತವೆ! ಊರಿನಿಂದ ಊರಿಗೆ ಹೆಸರು ಬೇರೆಯಾದರೆ ಎರಡನ್ನೂ ಬರೆಯುವುದು ಒಳ್ಳೆಯದು.

ಧಾರಣೆಯ ಲಿಂಕಿಗೆ ಮಾರುಕಟ್ಟೆ, ಮಾಲಿನ ಜಾತಿ, ತಾರೀಕು ಇಷ್ಟು ಸಾಕು. ಕರಾವಳಿಯ ಚಾಲಿಗೆ ಕಿಲೋ ಲೆಕ್ಕ, ಶಿವಮೊಗ್ಗದ ರಾಶಿಗೆ ಕ್ವಿಂಟಾಲ್ ಲೆಕ್ಕ. 'ರೇಟು ಏರಿತು' ಅಂದರೆ ಯಾರದ್ದು, ಯಾವತ್ತಿನದ್ದು? ಹಳೆಯ ಸುದ್ದಿ ನಂಬಿ ಮಾಲು ಹೊರಗೆ ಹಾಕಿದವನಿಗೆ ಆಮೇಲೆ ಸಮಾಧಾನ ಹೇಳಿ ಪ್ರಯೋಜನವಿಲ್ಲ.

ಇನ್ನು ಸರಕಾರದ ಹೆಸರಿನಲ್ಲಿ ಬರುವವು. ಪಿಎಂ ಕಿಸಾನ್ ಹೆಸರು ಹಾಕಿದ ಎಪಿಕೆ ಫೈಲುಗಳು ವಾಟ್ಸಾಪಿನಲ್ಲಿ ಓಡಾಡಿವೆ. ಅಂಥದ್ದನ್ನು ಒತ್ತಿ ಫೋನಿಗೆ ಇಳಿಸಿಕೊಂಡರೆ ಬ್ಯಾಂಕಿನ ಓಟಿಪಿ ಕಳ್ಳರ ಕೈಗೆ ಹೋಗುತ್ತದೆ. ನಿಜವಾದ ಜಾಲತಾಣದ ವಿಳಾಸ ಪಿಎಂಕಿಸಾನ್ ಡಾಟ್ ಗವ್ ಡಾಟ್ ಇನ್. ಅದನ್ನು ಕಳಿಸುವಾಗಲೂ 'ಕಂತು ಬಂದಿದೆಯೋ ನೋಡಲು, ಸರಕಾರದ್ದೇ ತಾಣ' ಅಂತ ಬರೆಯಿರಿ. ಮೊಟಕು ಮಾಡಿದ ಲಿಂಕುಗಳಲ್ಲಿ ಹೋಗುವ ಜಾಗ ಯಾವುದು ಅಂತ ಕಾಣುವುದೇ ಇಲ್ಲ. ಉದ್ದ ಆದರೂ ಪೂರ್ತಿ ವಿಳಾಸ ಕಳಿಸುವುದು ಲೇಸು. ಎಲ್ಲರೂ ಹೀಗೆ ಬರೆಯುವ ಗುಂಪಿನಲ್ಲಿ ವಿವರಣೆ ಇಲ್ಲದ ಲಿಂಕ್ ಬಂದರೆ ಅದರ ಮೇಲೆ ತಾನಾಗಿ ಸಂಶಯ ಬರುತ್ತದೆ. ಇದು ನಾವು ಎಣಿಸದೆ ಸಿಕ್ಕ ಲಾಭ.

ಒಂದು ಸಣ್ಣ ಮಾತು. ವಿವರಣೆ ಮತ್ತು ಲಿಂಕ್ ಒಂದೇ ಮೆಸೇಜಿನಲ್ಲಿರಲಿ, ವಿವರಣೆ ಮೇಲೆ, ಲಿಂಕ್ ಕೆಳಗೆ. ಬೇರೆ ಬೇರೆ ಕಳಿಸಿದರೆ ಮುಂದೆ ಕಳಿಸುವವರು ಲಿಂಕ್ ಮಾತ್ರ ಎತ್ತಿಕೊಂಡು ಹೋಗುತ್ತಾರೆ, ಚೀಟಿ ಇಲ್ಲೇ ಉಳಿಯುತ್ತದೆ. ಟೈಪ್ ಮಾಡುವುದು ಕಷ್ಟ ಅನ್ನುವವರು ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಬಹುದು, ಅಕ್ಷರವಾಗಿ ಬರುತ್ತದೆ. ಅಂಕಿಗಳನ್ನು ಮಾತ್ರ ಮತ್ತೊಮ್ಮೆ ಓದಿ ನೋಡಿ. ತಪ್ಪು ಕಂಡರೆ ಕಳಿಸಿ 15 ನಿಮಿಷದೊಳಗೆ ಆ ಮೆಸೇಜನ್ನೇ ತಿದ್ದಲು ವಾಟ್ಸಾಪಿನಲ್ಲಿ ಅವಕಾಶ ಉಂಟು.